ಒಂದು ಪ್ರಾಂತ್ಯಕ್ಕೆ ಎರಡು ಟೀಮ್ ಯಾಕೆ? ಕೆನಡಾ ಕರ್ಲಿಂಗ್‌ನ ಹಳೇ ಸೀಟು ಜಗಳ

ಮಹಾರಾಷ್ಟ್ರ ಒಂದೇ ರಾಜ್ಯ ಆದ್ರೂ ರಣಜೀಲಿ ಮುಂಬೈ, ವಿದರ್ಭ, ಮಹಾರಾಷ್ಟ್ರ ಅಂತ ಮೂರು ಟೀಮ್ ಆಡ್ತವೆ, 2024ರ ಫೈನಲ್ ಅಂತೂ ಮುಂಬೈ-ವಿದರ್ಭ ನಡುವೆನೇ ಆಯ್ತು. ಕೆನಡಾದ ಕರ್ಲಿಂಗ್‌ನಲ್ಲೂ ಇದೇ ಕಥೆ. ಐಸ್ ಮೇಲೆ ಸುಮಾರು 20 ಕೆಜಿ ಗ್ರಾನೈಟ್ ಕಲ್ಲು ಜಾರಿಸಿ, ಅದರ ಮುಂದೆ ಬ್ರಷ್ ಹಿಡ್ಕೊಂಡು ಉಜ್ಜುತ್ತಾ ಓಡ್ತಾರಲ್ಲ, ಅದೇ ಆಟ. ಅಲ್ಲಿ ಒಂಟಾರಿಯೊ ಒಂದೇ ಪ್ರಾಂತ್ಯ ಆದ್ರೂ ಒಂಟಾರಿಯೊ ಒಂದು ಟೀಮ್, ನಾರ್ದರ್ನ್ ಒಂಟಾರಿಯೊ ಇನ್ನೊಂದು ಟೀಮ್.

ಇದು ಶುರುವಾಗಿದ್ದು 1927ರಲ್ಲಿ. ಮ್ಯಾಕ್‌ಡೊನಾಲ್ಡ್ ಟೊಬ್ಯಾಕೊ ಕಂಪನಿ ದುಡ್ಡು ಹಾಕಿ ಟೊರೊಂಟೊದಲ್ಲಿ ಗಂಡಸರ ನ್ಯಾಷನಲ್ ಚಾಂಪಿಯನ್‌ಶಿಪ್ ಮಾಡ್ತು, ಹೆಸರು ಬ್ರೈಯರ್, ಅದೂ ಕಂಪನಿಯ ಒಂದು ತಂಬಾಕು ಬ್ರ್ಯಾಂಡ್‌ದೇ. ಬಂದಿದ್ದು ಎಂಟು ಟೀಮ್. ಅದ್ರಲ್ಲಿ ಟೊರೊಂಟೊ, ಮಾಂಟ್ರಿಯಲ್ ಸಿಟಿಗಳಿಗೆ ಬೇರೆ ಬೇರೆ ಸೀಟು, ಇಡೀ ಪಶ್ಚಿಮ ಕೆನಡಾಗೆ ಸೇರಿ ಒಂದೇ ಒಂದು! ಗೆದ್ದಿದ್ದು ನೋವಾ ಸ್ಕೋಶಿಯಾ. ಆಮೇಲೆ ಸಿಟಿ ಟೀಮ್‌ಗಳು ಹೋದ್ವು, ಪಶ್ಚಿಮದ ಪ್ರಾಂತ್ಯಗಳಿಗೆ ಅವರವರ ಸೀಟು ಸಿಕ್ತು, 1949ರಲ್ಲಿ ಕೆನಡಾಗೆ ಸೇರಿದ ನ್ಯೂಫೌಂಡ್‌ಲ್ಯಾಂಡ್ 1951ರಲ್ಲಿ ಬಂತು, ಆದ್ರೆ ಮೊದಲ ವರ್ಷನೇ ಒಳಗಿದ್ದ ನಾರ್ದರ್ನ್ ಒಂಟಾರಿಯೊ ಮಾತ್ರ ಅಲ್ಲಾಡ್ಲೇ ಇಲ್ಲ.

ನಾರ್ದರ್ನ್ ಒಂಟಾರಿಯೊದ್ದು ಪುಕ್ಕಟೆ ಸೀಟು ಅಂತ ಗೊಣಗೋರಿಗೆ 1985ರ ಮಾಂಕ್ಟನ್ ಫೈನಲ್ ತೋರಿಸಬೇಕು. ಹತ್ತನೇ ಎಂಡ್ ಅಂದ್ರೆ ಕೊನೇ ಸುತ್ತು, ಆಲ್ಬರ್ಟಾದ ಪ್ಯಾಟ್ ರಯಾನ್ ಎರಡು ಪಾಯಿಂಟ್ ಮುಂದೆ, ನಾರ್ದರ್ನ್ ಒಂಟಾರಿಯೊದ ಥಂಡರ್ ಬೇ ಊರಿನ ಆಲ್ ಹ್ಯಾಕ್ನರ್ ಕೈಲಿ ಉಳಿದಿದ್ದು ಕೊನೇ ಕಲ್ಲು. ಎದುರಾಳಿಯ ಒಂದು ಕಲ್ಲಿಗೆ ಕೂದಲೆಳೆಯಷ್ಟು ಸವರಿ ಅಲ್ಲಿಂದ ಇನ್ನೊಂದಕ್ಕೂ ಬಡಿದು ಎರಡನ್ನೂ ಗುರಿಯ ವೃತ್ತದಿಂದ ಆಚೆ ಕಳಿಸ್ದ, ಎರಡು ಪಾಯಿಂಟ್ ಬಂದು ಸ್ಕೋರ್ ಸಮ ಆಯ್ತು, ಎಕ್ಸ್‌ಟ್ರಾ ಎಂಡ್‌ನಲ್ಲಿ ಕಪ್ಪೇ ಬಂತು. ಇನ್ನು 2013ರಲ್ಲಿ ಬ್ರೈಯರ್ ಗೆದ್ದ ನಾರ್ದರ್ನ್ ಒಂಟಾರಿಯೊದ ಬ್ರ್ಯಾಡ್ ಜೇಕಬ್ಸ್ ಟೀಮ್ ಮರುವರ್ಷ ಸೋಚಿ ಒಲಿಂಪಿಕ್ಸ್ ಚಿನ್ನನೂ ತಂತು.

ಹೆಂಗಸರ ವಿಷಯದಲ್ಲಿ ಮಾತ್ರ ನ್ಯಾಯ ಬೇರೆ. 2015ಕ್ಕೆ ಮುಂಚೆ ಗಂಡಸರಲ್ಲಿ ಹತ್ತು ಪ್ರಾಂತ್ಯ, ನಾರ್ದರ್ನ್ ಒಂಟಾರಿಯೊ, ಉತ್ತರದ ಟೆರಿಟರಿಗಳಾದ (ಪ್ರಾಂತ್ಯದ ದರ್ಜೆ ಇಲ್ಲದ ಪ್ರದೇಶಗಳು) ಯುಕಾನ್ ಮತ್ತು ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ ಸೇರಿ ಒಂದು, ಒಟ್ಟು ಹನ್ನೆರಡು. ಹೆಂಗಸರ ನ್ಯಾಷನಲ್ ಚಾಂಪಿಯನ್‌ಶಿಪ್ ಆದ ಸ್ಕಾಟೀಸ್‌ನಲ್ಲೂ ಹನ್ನೆರಡೇ, ಆದ್ರೆ ನಾರ್ದರ್ನ್ ಒಂಟಾರಿಯೊ ಇರಬೇಕಾದ ಜಾಗದಲ್ಲಿ ಹಿಂದಿನ ವರ್ಷದ ಚಾಂಪಿಯನ್ ಟೀಮ್ ಕೆನಡಾ ಹೆಸರಲ್ಲಿ ಕೂತಿರ್ತಿತ್ತು. ಅಂದ್ರೆ ಉತ್ತರದ ಸಡ್‌ಬರಿ, ಥಂಡರ್ ಬೇ ಹುಡುಗೀರು ಇಡೀ ಒಂಟಾರಿಯೊದವರನ್ನ ಸೋಲಿಸಿದ್ರೆ ಮಾತ್ರ ನ್ಯಾಷನಲ್ಸ್. ಇದು ಸರಿಹೋಗೋಕೆ 2015 ಬರಬೇಕಾಯ್ತು, ಅದಕ್ಕೆ ಆಗಬೇಕಾದಷ್ಟು ಗಲಾಟೆ ಆಗ್ಲೇ ಇಲ್ಲ ಅನ್ನೋದೇ ನನಗೆ ಬೇಜಾರು.

ಗಲಾಟೆ ಆಗಿದ್ದು ಅದೇ ವರ್ಷದ ಇನ್ನೊಂದು ರೂಲ್‌ಗೆ. ಆಟ ನಡೆಸೋ ಸಂಸ್ಥೆ ಕರ್ಲಿಂಗ್ ಕೆನಡಾ ಟೆರಿಟರಿಗಳಿಗೂ ಬೇರೆ ಬೇರೆ ಸೀಟು ಕೊಡ್ತು, ಗಂಡಸರಲ್ಲೂ ಟೀಮ್ ಕೆನಡಾ ತಂತು, ಆದ್ರೆ ಮೇನ್ ಡ್ರಾ ಹನ್ನೆರಡಕ್ಕೇ ನಿಲ್ಲಿಸ್ತು. ಹಾಗಾಗಿ ಕೊನೇ ಸಾಲಿನ ಟೀಮ್‌ಗಳು ಮೊದಲು ಕ್ವಾಲಿಫೈಯರ್ ಆಡಬೇಕಾಯ್ತು, ಸೋತವರು ಟೂರ್ನಮೆಂಟ್ ಶುರುವಾಗೋಕೆ ಮುಂಚೆನೇ ಗಂಟುಮೂಟೆ ಕಟ್ಕೊಂಡು ಮನೆಗೆ. ಆ ವರ್ಷ ಕ್ಯಾಲ್ಗರಿಯಲ್ಲಿ ಹಾಗೆ ವಾಪಸ್ ಹೋದವರಲ್ಲಿ ನೋವಾ ಸ್ಕೋಶಿಯಾನೂ ಇತ್ತು, ಮೊಟ್ಟಮೊದಲ ಚಾಂಪಿಯನ್! ಪೇಪರ್ ಮೇಲೆ ಲೆಕ್ಕ ಸರಿ ಇರಬಹುದು, ಆದ್ರೆ ಜನ ಬ್ರೈಯರ್ ನೋಡೋದೇ ನಮ್ಮೂರ ಟೀಮ್ ಇದೆ ಅಂತ, ಅದನ್ನೇ ಕಿತ್ಕೊಂಡ್ರೆ ಟಿಕೆಟ್ ಯಾರು ತಗೋತಾರೆ?

ಮೂರು ಸೀಸನ್ ಬೈಸ್ಕೊಂಡು 2018ಕ್ಕೆ ಹದಿನಾರು ಟೀಮ್, ಎರಡು ಪೂಲ್ ಅಂದ್ರೆ ಗುಂಪು ಮಾಡಿದ್ರು. ಎಲ್ಲಾ 14 ಸದಸ್ಯ ಸಂಸ್ಥೆಗಳಿಗೂ (ಹತ್ತು ಪ್ರಾಂತ್ಯ, ನಾರ್ದರ್ನ್ ಒಂಟಾರಿಯೊ, ಮೂರು ಟೆರಿಟರಿ) ಸೀಟು ಗ್ಯಾರಂಟಿ, ಜೊತೆಗೆ ಟೀಮ್ ಕೆನಡಾ, ಮತ್ತೆ ಪ್ರಾಂತ್ಯದ ಫೈನಲ್‌ನಲ್ಲಿ ಸೋತ್ರೂ ರ‍್ಯಾಂಕಿಂಗ್ ಚೆನ್ನಾಗಿರೋರಿಗೆ ಅಂತ ಒಂದು ವೈಲ್ಡ್ ಕಾರ್ಡ್. ಮ್ಯಾನಿಟೋಬಾ, ಆಲ್ಬರ್ಟಾದಂಥ ಕಡೆ ನಾಲ್ಕೈದು ಒಳ್ಳೇ ಟೀಮ್ ಇದ್ರೂ ಒಂದೇ ಸೀಟು ಅನ್ನೋ ಹಳೇ ಕೊರಗಿಗೆ ಆಗ ಇದೇ ಮದ್ದಾಯ್ತು. ಮೊದಲ ವರ್ಷನೇ ಸ್ಕಾಟೀಸ್ ಫೈನಲ್‌ಗೆ ಬಂದಿದ್ದು ಮ್ಯಾನಿಟೋಬಾದ ಜೆನಿಫರ್ ಜೋನ್ಸ್, ಎದುರಿಗೆ ವೈಲ್ಡ್ ಕಾರ್ಡ್ ಕೆರಿ ಐನಾರ್ಸನ್, ಅವಳೂ ಮ್ಯಾನಿಟೋಬಾದವಳೇ. ಮರುವರ್ಷ ಬ್ರೈಯರ್ ಫೈನಲ್‌ನಲ್ಲಿ ಆಲ್ಬರ್ಟಾದ ಕೆವಿನ್ ಕೋ 4-3ರಲ್ಲಿ ಸೋಲಿಸಿದ್ದು ವೈಲ್ಡ್ ಕಾರ್ಡ್ ಬ್ರೆಂಡನ್ ಬಾಚರ್‌ನ, ಅವನೂ ಆಲ್ಬರ್ಟಾದವನೇ.