ವಾರಕ್ಕೇ ಬೆಳ್ಳಗಾದ ಮುಖ

ಹೊಸ ಕ್ರೀಮ್ ಹಚ್ಚಿ ವಾರವಾಗಿಲ್ಲ, ಮೊಡವೆ ಇಳಿಯಿತು, ಬಂಗು ತಿಳಿಯಾಯಿತು, ಮುಖ ಬೆಳ್ಳಗಾಯಿತು. ಡಬ್ಬಿಯ ಮೇಲೆ ಲೋಳೆಸರ, ಕೇಸರಿಯ ಚಿತ್ರ. ಆದರೆ ಇವು ಇಷ್ಟು ಬೇಗ ಕೆಲಸ ಮಾಡುವುದಿಲ್ಲ. ಒಳಗೆ ಸ್ಟಿರಾಯ್ಡ್ ಇದೆಯೇ ಎಂದು ಅನುಮಾನ ಪಡಲೇಬೇಕು.

ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಸ್ಟಿರಾಯ್ಡ್ ಹಾರ್ಮೋನನ್ನು ತಯಾರಿಸುತ್ತವೆ. ಈ ಜಾತಿಯ ಹಾರ್ಮೋನನ್ನು ಮುಲಾಮಾಗಿ ಹಚ್ಚಿದರೆ ಇಸುಬು ಇಳಿಯುತ್ತದೆ ಎಂದು 1952ರಲ್ಲಿ ಅಮೆರಿಕದ ಚರ್ಮವೈದ್ಯರಾದ ಸಲ್ಜ್‌ಬರ್ಗರ್ ಮತ್ತು ವಿಟನ್ ತೋರಿಸಿದರು. ವೈದ್ಯರ ಕೈಯಲ್ಲಿ ಇದು ಇವತ್ತಿಗೂ ಒಳ್ಳೆಯ ಮದ್ದು.

ಹಾಗಾದರೆ ಬಿಳುಪು ಎಲ್ಲಿಂದ ಬಂತು? ಸ್ಟಿರಾಯ್ಡ್ ಚರ್ಮದೊಳಗಿನ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ರಕ್ತ ಕಡಿಮೆಯಾದ ಚರ್ಮ ಬಿಳಿಚಿಕೊಳ್ಳುತ್ತದೆ. 1962ರಿಂದ ಸ್ಟಿರಾಯ್ಡ್‌ಗಳ ಶಕ್ತಿಯನ್ನು ಅಳೆಯುತ್ತಿರುವುದೇ ಹೀಗೆ: ತೋಳಿಗೆ ಹಚ್ಚಿ, ಚರ್ಮ ಎಷ್ಟು ಬಿಳಿಚಿತು ಎಂದು ನೋಡಿ. ಆ ಅಳತೆಯಲ್ಲಿ ಕ್ಲೋಬೆಟಸಾಲ್ ಎಂಬ ಸ್ಟಿರಾಯ್ಡ್, ಹೈಡ್ರೋಕಾರ್ಟಿಸೋನ್ ಎಂಬ ಸೌಮ್ಯ ಸ್ಟಿರಾಯ್ಡ್‌ಗಿಂತ ಸುಮಾರು 600 ಪಟ್ಟು ಬಲವಾದದ್ದು. ನಾವು ಕಾಂತಿ ಅಂದುಕೊಂಡದ್ದು ಆ ಬಿಳಿಚಿದ ಬಣ್ಣವನ್ನು.

ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನಾಳಗಳು ಕಾಣಿಸುತ್ತವೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಬಿಗಿದಿದ್ದ ನಾಳಗಳು ಒಮ್ಮೆಲೇ ಹಿಗ್ಗಿ ಮುಖ ಕೆಂಡದಂತೆ ಉರಿಯುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ‘ನನಗೆ ಈ ಕ್ರೀಮ್ ಇಲ್ಲದೆ ಆಗಲ್ಲ’ ಎಂಬ ನಂಬಿಕೆ ಹುಟ್ಟುವುದು ಇಲ್ಲೇ. ಗಾಯ ಮಾಡಿದ್ದೇ ಮದ್ದಿನಂತೆ ಕಾಣುತ್ತದೆ, ಅಲ್ವಾ? 2011ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ, ಮುಖದ ತೊಂದರೆಗೆಂದು ಚರ್ಮವೈದ್ಯರ ಬಳಿ ಬಂದ 2926 ಜನರಲ್ಲಿ 433 ಜನ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಅನೇಕರಿಗೆ ಅದು ಸುಮ್ನೆ ಒಂದು ಫೇರ್‌ನೆಸ್ ಕ್ರೀಮ್.

ಮಕ್ಕಳ ವಿಷಯದಲ್ಲಿ ನನಗೆ ಸಂಕಟವೇ ಆಗುತ್ತದೆ. 2021ರ ಜನವರಿಯಲ್ಲಿ ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ 5 ತಿಂಗಳ ಮಗುವಿನ ಮುಖ ಊದಿಕೊಂಡಿತು, ಮೈಮೇಲೆ ಕೂದಲು ಬೆಳೆಯಿತು, ಬೆಳವಣಿಗೆ ಕುಂಠಿತವಾಯಿತು. ಅಪ್ಪ ಅಮ್ಮ ಹಚ್ಚುತ್ತಿದ್ದುದು ಬೇಬಿ ಕ್ರೀಮ್. ಪರೀಕ್ಷೆ ಮಾಡಿದಾಗ ಅದರಲ್ಲಿ ಕ್ಲೋಬೆಟಸಾಲ್ ಸಿಕ್ಕಿತು. ಮಗುವಿನ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಹಾಗಾಗಿ ಹಚ್ಚಿದ್ದು ರಕ್ತಕ್ಕೂ ಜಾಸ್ತಿ ಇಳಿಯುತ್ತದೆ. ಹೊರಗಿನಿಂದ ಹಾರ್ಮೋನು ಬರುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ.

2018ರಲ್ಲಿ ನಮ್ಮ ಸರ್ಕಾರ ಹಚ್ಚುವ 14 ಸ್ಟಿರಾಯ್ಡ್‌ಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಂಬ ಹೆಸರಿದ್ದರೆ ಅದು ಔಷಧಿ, ಸೌಂದರ್ಯದ ಕ್ರೀಮ್ ಅಲ್ಲ. ಕದ್ದು ಬೆರೆಸಿದ ಡಬ್ಬಿಯಲ್ಲಿ ಹೆಸರೇ ಇರುವುದಿಲ್ಲ. ಅಂಥದ್ದನ್ನು ತುಂಬಾ ದಿನದಿಂದ ಹಚ್ಚುತ್ತಿದ್ದರೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ. ಚರ್ಮವೈದ್ಯರ ಹತ್ತಿರ ಹೋಗಿ. ಹೋಗುವಾಗ ಆ ಡಬ್ಬಿಯನ್ನೂ ತಗೊಂಡು ಹೋಗಿ.