ಕುನಾ ನಾಣ್ಯ ನಿಂತುಹೋಯಿತು, ಬೆಲೆ ಯಾಕೆ ಏರಲಿಲ್ಲ?

ಕ್ರೊಯೇಷಿಯಾ 2023ರ ಜನವರಿ 1ರಂದು ತನ್ನ ಕರೆನ್ಸಿಯಾದ ಕುನಾ ಬಿಟ್ಟು ಯೂರೋಗೆ ಬಂತು. ಆಮೇಲೆ ನನ್ನ ಹಳೆ ನಾಣ್ಯಗಳ ಅಂಗಡಿಗೆ ಕುನಾ ನಾಣ್ಯ ಹಿಡಿದುಕೊಂಡು ಬರುವವರು ಜಾಸ್ತಿಯಾದರು. ಅಲ್ಲಿನ ಡುಬ್ರೊವ್ನಿಕ್ ಊರು ನೋಡಲು ಹೋಗಿದ್ದಾಗ ಪರ್ಸಿನಲ್ಲಿ ಉಳಿದ ಚಿಲ್ಲರೆ ಅದು. ಕೇಳುವುದು ಒಂದೇ: "ಇದು ಈಗ ಚಲಾವಣೆಯಲ್ಲೇ ಇಲ್ಲ ಸರ್, ಒಳ್ಳೇ ಬೆಲೆ ಬರಬೇಕಲ್ವಾ?"

ಬರುವುದಿಲ್ಲ. ಚಲಾವಣೆ ನಿಲ್ಲುವುದು ಬೇರೆ, ನಾಣ್ಯ ಅಪರೂಪವಾಗುವುದು ಬೇರೆ. ಕೋಟಿಗಟ್ಟಲೆ ಅಚ್ಚಾದ ನಾಣ್ಯಗಳಲ್ಲಿ ಎಷ್ಟೋ ಇನ್ನೂ ಮನೆಮನೆಯ ಡಬ್ಬಿಗಳಲ್ಲಿ ಬಿದ್ದಿರುತ್ತವೆ. ಕ್ರೊಯೇಷಿಯಾದಲ್ಲಿ ಬದಲಿಸಿಕೊಂಡವರಿಗೆ ಸಿಕ್ಕಿದ್ದು 7.5345 ಕುನಾಗೆ 1 ಯೂರೋ. ಅಂದರೆ 1 ಕುನಾಗೆ ಸುಮಾರು 13 ಸೆಂಟ್. ನಾಣ್ಯ ಬದಲಿಸಿಕೊಡುವ ಗಡುವು 2025ರ ಕೊನೆಗೆ ಮುಗಿದಿದೆ. ನೋಟಿಗೆ ಮಾತ್ರ ಗಡುವಿಲ್ಲ, ಅಲ್ಲಿನ ಕೇಂದ್ರ ಬ್ಯಾಂಕ್ ಈಗಲೂ ಬದಲಿಸಿಕೊಡುತ್ತದೆ. ದೊಡ್ಡ ಕುನಾ ನೋಟು ಇದ್ದವರು ನನ್ನಂಥ ವ್ಯಾಪಾರಿಗೆ ಕಡಿಮೆಗೆ ಕೊಡುವ ಮೊದಲು ಇದನ್ನು ತಿಳಿದಿರಲಿ.

ಹಾಗಂತ ನಾಣ್ಯವನ್ನು ಎಸೆಯಬೇಡಿ. ತಿರುಗಿಸಿ ನೋಡಿ. 1 ಕುನಾದಲ್ಲಿ ನೈಟಿಂಗೇಲ್ ಹಕ್ಕಿ, 2 ಕುನಾದಲ್ಲಿ ಟ್ಯೂನಾ ಮೀನು, 5 ಕುನಾದಲ್ಲಿ ಕರಡಿ. ಕೆಳಗೆ ವರ್ಷ ಇರುತ್ತದೆ. ಬೆಸ ವರ್ಷವಾದರೆ ಪ್ರಾಣಿಯ ಹೆಸರು ಕ್ರೊಯೇಷಿಯನ್‌ನಲ್ಲಿ, ಸಮ ವರ್ಷವಾದರೆ ಲ್ಯಾಟಿನ್‌ನಲ್ಲಿ. ಹಕ್ಕಿಯ ಸುತ್ತ 'ಸ್ಲಾವುಯ್' ಎಂಬ ಪುಟ್ಟ ಹೆಸರಿದ್ದರೆ ಬೆಸ ವರ್ಷ. 'ಲುಸಿನಿಯಾ ಮೆಗಾರಿಂಕೋಸ್' ಎಂದು ಉದ್ದಕ್ಕೆ ಇದ್ದರೆ ಸಮ ವರ್ಷ. ಲ್ಯಾಟಿನ್ ನಾಣ್ಯಗಳನ್ನು ಸಾಮಾನ್ಯವಾಗಿ ಕಡಿಮೆ ಅಚ್ಚು ಹಾಕುತ್ತಿದ್ದರು. ರಾಶಿ ಮುಂದೆ ಬಂದಾಗ ನಾನು ಮೊದಲು ಹುಡುಕುವುದು ಅವನ್ನೇ. ಸವೆಯದೆ ಹೊಳಪು ಉಳಿದಿದ್ದರೆ ಮಾತಾಡಬಹುದು. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಿಕೊಂಡು ಬರಬೇಡಿ. ಉಜ್ಜಿದ ನಾಣ್ಯವನ್ನು ಸಂಗ್ರಾಹಕರು ಕೈಯಲ್ಲೂ ಹಿಡಿಯುವುದಿಲ್ಲ.

ವರ್ಷದ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ಕುನಾ ಚಲಾವಣೆಗೆ ಬಂದದ್ದು 1994ರ ಮೇ 30ರಂದು. ಆದರೆ 1993 ಎಂದಿರುವ ನಾಣ್ಯ ಧಾರಾಳ. ಮೊದಲೇ ಅಚ್ಚು ಹಾಕಿಟ್ಟಿದ್ದರು, ಅಷ್ಟೇ. ಯೂರೋದಲ್ಲೂ ಹೀಗೇ. ಜನರ ಕೈಗೆ ನಾಣ್ಯ ಬಂದದ್ದು 2002ರಲ್ಲಿ. ಆದರೂ ಫ್ರಾನ್ಸ್, ಸ್ಪೇನ್, ಬೆಲ್ಜಿಯಂ, ನೆದರ್ಲೆಂಡ್ಸ್, ಫಿನ್ಲೆಂಡ್ ನಾಣ್ಯಗಳ ಮೇಲೆ 1999 ಕಾಣುತ್ತದೆ. ಈ ದೇಶಗಳು ಅಚ್ಚು ಹಾಕಿದ ವರ್ಷವನ್ನೇ ಬರೆದವು. "ತಪ್ಪು ಮುದ್ರಣ, ಲಕ್ಷ ಬೆಲೆ" ಎಂದು ಯಾರಾದರೂ ವಿಡಿಯೋ ತೋರಿಸಿದರೆ ನಂಬಬೇಡಿ. ಕ್ರೊಯೇಷಿಯಾ ಉಲ್ಟಾ ಮಾಡಿತು. 2022ರಲ್ಲೇ ಅಚ್ಚು ಶುರುಮಾಡಿ ಎಲ್ಲದರ ಮೇಲೂ 2023 ಎಂದೇ ಹಾಕಿತು.

ನನಗೆ ಕುನಾಗಿಂತ ಹೊಸ 1 ಯೂರೋ ನಾಣ್ಯವೇ ಹೆಚ್ಚು ಇಷ್ಟ. ಯೂರೋದ ಒಂದು ಮುಖ ಎಲ್ಲ ದೇಶಕ್ಕೂ ಒಂದೇ, ಇನ್ನೊಂದು ಆಯಾ ದೇಶದ್ದು. ಆ ಇನ್ನೊಂದು ಮುಖದಲ್ಲಿ ಕ್ರೊಯೇಷಿಯಾ ಕೂರಿಸಿದ್ದು ಕುನಾ ಪ್ರಾಣಿಯನ್ನು, ಅಂದರೆ ಮಾರ್ಟೆನ್ ಎಂಬ ಉದ್ದ ಮೈಯ ಪುಟ್ಟ ಕಾಡುಪ್ರಾಣಿ. ನಮ್ಮ ಕೊಡಗಿನ ಕಾಡಿನಲ್ಲಿರುವ ನೀಲಗಿರಿ ಮಾರ್ಟೆನ್‌ನ ದೂರದ ನೆಂಟ. ಮಧ್ಯಯುಗದ ಕ್ರೊಯೇಷಿಯಾದಲ್ಲಿ ಮಾರ್ಟೆನ್ ತುಪ್ಪುಳದ ಚರ್ಮವನ್ನೇ ತೆರಿಗೆಯಾಗಿ ಕೊಡುತ್ತಿದ್ದರು. ಕರೆನ್ಸಿಯ ಹೆಸರು ಬಂದದ್ದೂ ಅಲ್ಲಿಂದಲೇ. ಹಣ ಹೋದರೂ ಪ್ರಾಣಿಯನ್ನು ಬಿಟ್ಟುಕೊಡಲಿಲ್ಲ ನೋಡಿ.

ಅದೂ ಸಲೀಸಾಗಿ ಆಗಲಿಲ್ಲ. 2022ರ ಫೆಬ್ರವರಿಯಲ್ಲಿ ಆಯ್ಕೆಯಾದ ಚಿತ್ರ ಬ್ರಿಟನ್ನಿನ ಛಾಯಾಗ್ರಾಹಕರೊಬ್ಬರ ಫೋಟೋದ ನಕಲು ಎಂಬ ಆರೋಪ ಬಂತು. ಕಲಾವಿದರು ಹಿಂದೆ ಸರಿದರು. ಮತ್ತೆ ಸ್ಪರ್ಧೆ ನಡೆಸಿ ಬೇರೆ ಚಿತ್ರ ಆರಿಸಿದರು. ಈಗ ಕೈಗೆ ಸಿಗುವುದು ಆ ಎರಡನೆಯದು. 10, 20, 50 ಸೆಂಟ್‌ಗಳ ಮೇಲೆ ವಿದ್ಯುತ್ ಸಂಶೋಧಕ ನಿಕೊಲಾ ಟೆಸ್ಲಾ ಇದ್ದಾರೆ. ಅವರು ಹುಟ್ಟಿದ ಸ್ಮಿಲ್ಯಾನ್ ಇಂದಿನ ಕ್ರೊಯೇಷಿಯಾದಲ್ಲಿದೆ, ಮನೆತನ ಸರ್ಬಿಯನ್. ಸರ್ಬಿಯಾದ ಕೇಂದ್ರ ಬ್ಯಾಂಕ್ ಇದಕ್ಕೆ ಆಕ್ಷೇಪ ಎತ್ತಿತ್ತು. 2 ಯೂರೋದ ಮೇಲೆ ದೇಶದ ನಕ್ಷೆ ಇದೆ. ಆ ನಾಣ್ಯದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸ್ವಾತಂತ್ರ್ಯವನ್ನು ಹೊಗಳುವ ಕವಿ ಗುಂಡುಲಿಚ್‌ನ ಸಾಲು ಕಾಣುತ್ತದೆ.

ಮೊದಲ ವರ್ಷದ ನಾಣ್ಯ, ಇಟ್ಟುಕೊಂಡರೆ ಲಾಭವಾ? ಬಿಡಿ ನಾಣ್ಯಕ್ಕಂತೂ ಇಲ್ಲ. ಮೊದಲ ವರ್ಷ ಇಡೀ ದೇಶಕ್ಕೆ ಚಿಲ್ಲರೆ ಬೇಕು, ಹಾಗಾಗಿ ಅಚ್ಚು ಹಾಕುವುದೂ ಜಾಸ್ತಿ. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಜನರಿಗೆ 100 ಕುನಾಗೆ ಒಂದು ಪ್ಯಾಕೆಟ್ ಮಾರಿದ್ದರು. ಒಳಗೆ 33 ನಾಣ್ಯ, ಒಟ್ಟು 13.28 ಯೂರೋ. ಅಲ್ಲಿರುವ ನೆಂಟರೋ ಸ್ನೇಹಿತರೋ ಅದನ್ನು ತಂದುಕೊಟ್ಟಿದ್ದರೆ ಬಿಚ್ಚದೆ ಹಾಗೇ ಇಡಿ. ಸೀಲ್ ಒಡೆದರೆ ಅದು ಬರೀ 13 ಯೂರೋ ಚಿಲ್ಲರೆ.