ಹಳೆಯ ವಿಳಾಸಕ್ಕೆ ಹೋದ ಬ್ರೌಸರ್

2024ರ ಅಕ್ಟೋಬರ್ ಮಧ್ಯಭಾಗ. ಒಂದು ಸಣ್ಣ ಕಚೇರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರ ಲೆಕ್ಕಪತ್ರ ವಿಭಾಗದಲ್ಲಿ ಕುಳಿತಿದ್ದೆ. ಅಲ್ಲಿನ ಫೈರ್‌ಫಾಕ್ಸ್‌ನ ಆವೃತ್ತಿ ಸಂಖ್ಯೆ 131.0 ಎಂದು ತೋರಿಸುತ್ತಿತ್ತು. ಪಕ್ಕದಲ್ಲೇ ಬ್ರೌಸರನ್ನು ಮತ್ತೆ ಆರಂಭಿಸಲು ಹೇಳುವ ಗುಂಡಿ. ಹೊಸ ಆವೃತ್ತಿ ಆಗಲೇ ಇಳಿದು ಬಂದು, ಯಾರಾದರೂ ಆ ಗುಂಡಿ ಒತ್ತಲಿ ಎಂದು ದಿನಗಟ್ಟಲೆ ಕಾದಿತ್ತು. ಸಂಜೆ ಯಂತ್ರವನ್ನು ಆರಿಸುವ ರೂಢಿ ಅಲ್ಲಿರಲಿಲ್ಲ. ಸ್ಲೀಪ್‌ಗೆ ಹಾಕಿ ಮನೆಗೆ ಹೋಗುತ್ತಿದ್ದರು.

“ಮೂವತ್ತು ಟ್ಯಾಬ್ ತೆರೆದಿಟ್ಟಿದ್ದೇನೆ ಸಾರ್. ಮುಚ್ಚಿದರೆ ಯಾವ ಬಿಲ್ ಎಲ್ಲಿತ್ತು ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ,” ಎಂದರು ಲೆಕ್ಕ ಬರೆಯುವವರು. ಅವರ ಕಷ್ಟ ನಿಜವೇ. ಆದರೆ ಆ ಗುಂಡಿಯ ಹಿಂದೆ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದರ ಹಿಂದೆ ಇದ್ದದ್ದು ಸಿವಿಇ-2024-9680, ಭದ್ರತಾ ದೋಷಗಳ ಪಟ್ಟಿಯಲ್ಲಿ ಒಂದು ದೋಷಕ್ಕೆ ಕೊಟ್ಟ ಸಂಖ್ಯೆ. ಅಕ್ಟೋಬರ್ 8ರಂದು ಇಸೆಟ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾಗೆ ತಿಳಿಸಿದ ದೋಷ. ಪುಟದ ಚಿತ್ರ, ಅಕ್ಷರಗಳನ್ನು ಚಲಿಸುವಂತೆ ಮಾಡುವ ಅನಿಮೇಷನ್ ಭಾಗದಲ್ಲಿ ಅದು ಅಡಗಿತ್ತು. ಕಂಪ್ಯೂಟರ್‌ನ ಮೆಮೊರಿಯನ್ನು ಬಾಡಿಗೆ ಮನೆಗಳ ಬೀದಿ ಎಂದುಕೊಳ್ಳಿ. ಪ್ರೋಗ್ರಾಂನ ಒಂದು ವಸ್ತುವಿಗೆ ಒಂದು ಮನೆ ಸಿಗುತ್ತದೆ. ಅದರ ವಿಳಾಸವನ್ನು ಪ್ರೋಗ್ರಾಂನ ಬೇರೆ ಭಾಗಗಳು ಬರೆದಿಟ್ಟುಕೊಳ್ಳುತ್ತವೆ. ಕೆಲಸ ಮುಗಿದು ಮನೆ ಖಾಲಿಯಾದರೂ ಯಾವುದೋ ಭಾಗ ಹಳೆಯ ವಿಳಾಸವನ್ನೇ ಜೇಬಿನಲ್ಲಿ ಇಟ್ಟುಕೊಂಡಿರುತ್ತದೆ. ಅಷ್ಟರಲ್ಲಿ ದಾಳಿಕೋರ ತನ್ನ ಆಳನ್ನು ಆ ಮನೆಗೆ ಸೇರಿಸಿದ್ದಾನೆ. ಪ್ರೋಗ್ರಾಂ ಬಾಗಿಲು ತಟ್ಟುತ್ತದೆ, ಒಳಗಿರುವವರು ಯಾರು ಎಂದು ವಿಚಾರಿಸುವುದಿಲ್ಲ, ಅವರು ಹೇಳಿದ ಕೆಲಸವನ್ನು ಮಾಡಿಬಿಡುತ್ತದೆ.

ದಾಳಿಕೋರರು ಹೆಣೆದ ಪುಟವನ್ನು ತೆರೆದರೆ ಸಾಕಿತ್ತು, ಏನನ್ನೂ ಒತ್ತಬೇಕಿರಲಿಲ್ಲ. ರಷ್ಯಾ ಪರವಾದ ರೋಮ್‌ಕಾಮ್ ಎಂಬ ದಾಳಿಕೋರರ ತಂಡ ನಕಲಿ ತಾಣಕ್ಕೆ ಬಂದವರ ಯಂತ್ರಕ್ಕೆ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳಹೊಕ್ಕು ಹೋಗಲು ಬಿಡುವ ಪ್ರೋಗ್ರಾಂ, ಕೂರಿಸಿ, ಅವರನ್ನು ಅಸಲಿ ತಾಣಕ್ಕೆ ದಾಟಿಸುತ್ತಿತ್ತು. ಕಣ್ಣಿಗೆ ಕಾಣುವುದು ಅಸಲಿ ಪುಟವೇ ಆದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. “ಎಚ್ಚರಿಕೆಯಿಂದ ಬಳಸಿ” ಎಂಬ ಉಪದೇಶ ಇಂಥ ಕಡೆ ಯಾರನ್ನೂ ಕಾಪಾಡುವುದಿಲ್ಲ. ಹಾಗಾಗಿ ನಾನು ಆ ಉಪದೇಶವನ್ನೇ ಬಿಟ್ಟಿದ್ದೇನೆ.

ಮೊಜಿಲ್ಲಾದವರು ಸುಮಾರು 25 ಗಂಟೆಗಳಲ್ಲಿ ತಿದ್ದುಪಡಿ ಸಿದ್ಧಪಡಿಸಿ, ಅಕ್ಟೋಬರ್ 9ರಂದು 131.0.2 ಆವೃತ್ತಿಯನ್ನು ಬಿಡುಗಡೆ ಮಾಡಿದರು. ತಿದ್ದುಪಡಿಯ ತಿರುಳು ಸರಳ: ಅನಿಮೇಷನ್ ವಸ್ತುವಿನ ವಿಳಾಸ ಹಿಡಿದು ಕೆಲಸ ಮಾಡುತ್ತಿರುವವರು ಇರುವಷ್ಟು ಹೊತ್ತು ಆ ಮನೆಯನ್ನು ಖಾಲಿ ಮಾಡಿಸಕೂಡದು.

ಬ್ರೌಸರ್‌ನ ಒಳಗೆ ನುಗ್ಗಿದವನನ್ನು ಅಲ್ಲೇ ಕಟ್ಟಿಹಾಕಲು ಸ್ಯಾಂಡ್‌ಬಾಕ್ಸ್ ಎಂಬ ಬೇಲಿ ಇರುತ್ತದೆ. ಈ ದಾಳಿಕೋರರು ನಿಗದಿತ ಕೆಲಸಗಳನ್ನು ತಾನಾಗಿ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿದ್ದ ಇನ್ನೊಂದು ದೋಷ ಬಳಸಿ ಆ ಬೇಲಿಯನ್ನೂ ಹಾರುತ್ತಿದ್ದರು. ಮೈಕ್ರೋಸಾಫ್ಟ್ ಅದನ್ನು ಮುಚ್ಚಿದ್ದು ನವೆಂಬರ್ 12ರಂದು. ನಡುವಿನ ಒಂದು ತಿಂಗಳು ಈ ಸರಪಳಿಯನ್ನು ಮೊದಲ ಕೊಂಡಿಯಲ್ಲೇ ತುಂಡರಿಸಿದ್ದು ಫೈರ್‌ಫಾಕ್ಸ್‌ನ ತಿದ್ದುಪಡಿ. ನನ್ನ ಮುಂದಿದ್ದ ಯಂತ್ರದಲ್ಲಿ ಅದು ಡಿಸ್ಕ್‌ನಲ್ಲಿತ್ತು, ಓಡುತ್ತಿದ್ದ ಬ್ರೌಸರ್‌ನಲ್ಲಿ ಇರಲಿಲ್ಲ.

ಇದು ಫೈರ್‌ಫಾಕ್ಸ್ ಒಂದರ ಪಾಡಲ್ಲ. ಕ್ರೋಮ್‌ನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಗೆ ಸಂಬಂಧಿಸಿದವು, ಅದರಲ್ಲಿ ಅರ್ಧದಷ್ಟು ಇದೇ ಹಳೆಯ ವಿಳಾಸದ ಜಾತಿಯವು ಎಂದು ಕ್ರೋಮ್‌ನ ಮೂಲ ಯೋಜನೆಯಾದ ಕ್ರೋಮಿಯಂ ತಂಡವೇ 2020ರಲ್ಲಿ ಲೆಕ್ಕ ಕೊಟ್ಟಿತ್ತು. ಬ್ರೌಸರ್‌ಗಳ ಬಹುಪಾಲು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ. ವಿಳಾಸಗಳ ಲೆಕ್ಕವನ್ನು ಅದು ಬರೆಯುವವರ ತಲೆಗೇ ಬಿಡುತ್ತದೆ. ಕೋಟ್ಯಂತರ ಸಾಲುಗಳಲ್ಲಿ ಒಂದೂ ತಪ್ಪಬಾರದು ಎಂದರೆ ಅದು ಮನುಷ್ಯರಿಂದ ಆಗುವ ಮಾತಲ್ಲ.

2022ರಲ್ಲಿ ಕ್ರೋಮ್ ತಂದ ಮಿರಾಕಲ್‌ಪಾಯಿಂಟರ್ ನನಗೆ ಬಹಳ ಹಿಡಿಸಿದ ಉಪಾಯ. ಹಳೆಯ ವಿಳಾಸ ಯಾರ ಬಳಿಯಾದರೂ ಉಳಿದಿದ್ದರೆ ಆ ಮನೆಗೆ ಅದು ಬೀಗ ಹಾಕಿಡುತ್ತದೆ, ಹೊಸಬರಿಗೆ ಬಾಡಿಗೆಗೆ ಕೊಡುವುದಿಲ್ಲ. ತಟ್ಟಿದವರಿಗೆ ಯಾರೂ ಓಗೊಡುವುದಿಲ್ಲ. ಹೆಚ್ಚೆಂದರೆ ಬ್ರೌಸರ್ ಕುಸಿಯುತ್ತದೆ, ಕಳ್ಳ ಒಳಬರುವುದಿಲ್ಲ. ಇದಕ್ಕೆ, ಆಗಿನ ಲೆಕ್ಕದಂತೆ, ವಿಂಡೋಸ್‌ನಲ್ಲಿ ಬ್ರೌಸರ್‌ನ ಮುಖ್ಯ ಪ್ರಕ್ರಿಯೆ ಶೇ 4.5ರಿಂದ 6.5ರಷ್ಟು ಹೆಚ್ಚು ಮೆಮೊರಿ ತಿನ್ನುತ್ತಿತ್ತು. ಕ್ರೋಮ್ ಮೆಮೊರಿ ನುಂಗುತ್ತದೆ ಎಂದು ದೂರುವವರಿಗೆ ಈ ಪಾಲಿನ ಬಗ್ಗೆ ನಾನು ಬಿಡಿಸಿ ಹೇಳುತ್ತೇನೆ. ಇದು ಕಾವಲುಗಾರನ ಸಂಬಳ.

ಲೆಕ್ಕಪತ್ರದವರಿಗೆ ಬಾಡಿಗೆ ಮನೆಯ ಮಾತು ಕೂಡಲೇ ಅರ್ಥವಾಯಿತು. ಅರ್ಧ ತುಂಬಿದ ಫಾರಂ ಒಂದನ್ನು ಮೊದಲು ಉಳಿಸಿಕೊಳ್ಳಲು ಹೇಳಿದೆ, ಅದು ಮರಳಿ ಬರುತ್ತದೆ ಎಂದು ನಂಬಲಾಗದು. ಆಮೇಲೆ ಅವರೇ ಗುಂಡಿ ಒತ್ತಿದರು. ಕಿಟಕಿ ಮುಚ್ಚಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆರೆಯಿತು. ಟ್ಯಾಬ್‌ಗಳು ಇದ್ದ ಸಾಲಿನಲ್ಲೇ ಒಂದೊಂದಾಗಿ ಮರಳಿದವು. ಅವರು ಬೆರಳು ಹಿಡಿದು ಎಣಿಸಿ ನೋಡಿದರು.